ಅರಮನೆಯ ಅಂಗಳದಿಂದ ಜನರ ಉದ್ಯಾನಕ್ಕೆ: ಮೃಗಾಲಯ ಕಟ್ಟಿದ ಅರಸ ಚಾಮರಾಜೇಂದ್ರ ಒಡೆಯರ್

ಶಾಲಾ ಪ್ರವಾಸದ ದಿನಗಳು ಆರಂಭವಾದರೆ ಸಾಕು, ಕಲ್ಯಾಣ ಕರ್ನಾಟಕದ ಬಸ್ಸುಗಳು ಮೈಸೂರಿನ ದಾರಿ ಹಿಡಿಯುತ್ತವೆ. ಆಳಂದ ತಾಲ್ಲೂಕಿನ ಜಿಡಗಾದಂತಹ ಗ್ರಾಮಗಳಿಂದ ಹೊರಡುವ ಮಕ್ಕಳು ರಾತ್ರಿಯಿಡೀ ಪ್ರಯಾಣಿಸಿ ಅರಮನೆ, ಚಾಮುಂಡಿ ಬೆಟ್ಟ, ಕೃಷ್ಣರಾಜಸಾಗರಗಳನ್ನು ನೋಡುತ್ತಾರೆ. ಮೃಗಾಲಯವನ್ನು ಬಿಟ್ಟು ಬರುವ ತಂಡ ಮಾತ್ರ ಅಪರೂಪ.

ಆ ಮೃಗಾಲಯದ ಹೆಸರು ಶ್ರೀ ಚಾಮರಾಜೇಂದ್ರ ಮೃಗಾಲಯ. ಹೆಸರನ್ನು ಓದಿ ಒಳಹೋಗುವವರಲ್ಲಿ ಆ ಅರಸ ಯಾರೆಂದು ಬಲ್ಲವರು ಕಡಿಮೆ. ಅವರು ಬದುಕಿದ್ದ ಕಾಲದಲ್ಲಿ ಜಿಡಗಾ, ಆಳಂದ, ಅಫಜಲಪುರ, ಜೇವರ್ಗಿಗಳು ಮೈಸೂರಿನ ಪ್ರಜೆಗಳೂ ಅಲ್ಲ; ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1956ರಲ್ಲಿ ರಾಜ್ಯ ಒಂದಾದ ಮೇಲೆ ಮೈಸೂರು ಅರಸರು ಕಟ್ಟಿಸಿದ್ದೆಲ್ಲವೂ ಇಲ್ಲಿನ ಮಕ್ಕಳ ಪಾಲಿಗೂ ಬಂತು. ಹೀಗೆ ಬಂದ ಆಸ್ತಿಗಳಲ್ಲಿ, ಅಕ್ಷರ ಬಾರದವರೂ ಕಣ್ಣಿಂದಲೇ ಕಲಿಯಬಹುದಾದ ಈ ಪಾಠಶಾಲೆಗೆ ವಿಶೇಷ ಸ್ಥಾನವಿದೆ.

ಚರಿತ್ರೆಯ ಪಠ್ಯಗಳಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಸಿಗುವುದು ಒಂದೆರಡು ಪುಟ. ಹಿಂದೆ ದೀರ್ಘಾಯುಷಿಯಾಗಿದ್ದ ಮುಮ್ಮಡಿ ಕೃಷ್ಣರಾಜರು, ಮುಂದೆ ರಾಜರ್ಷಿಯೆಂದು ಹೆಸರಾದ ನಾಲ್ವಡಿ ಕೃಷ್ಣರಾಜರು. ಇವರಿಬ್ಬರ ನಡುವೆ ಸಿಲುಕಿದ ಅಲ್ಪಾಯುಷಿ ಅರಸರ ಸಾಧನೆಗಳಲ್ಲಿ ಬಹುಪಾಲನ್ನು ದಿವಾನರ ಲೆಕ್ಕಕ್ಕೆ ಬರೆಯುವುದು ರೂಢಿಯಾಗಿದೆ. ದಿವಾನರ ಪಾಲು ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮೃಗಾಲಯ ಮೊಳೆತದ್ದು ಅರಮನೆಯ ತೋಟದಲ್ಲಿ, ಅರಸರ ಸ್ವಂತ ಆಸಕ್ತಿಯಿಂದ.

ಐದರ ಹರೆಯದಲ್ಲಿ ಪಟ್ಟ

ಚಾಮರಾಜೇಂದ್ರರು ಜನಿಸಿದ್ದು 1863ರ ಫೆಬ್ರುವರಿ 22ರಂದು. ತಂದೆ ಬೆಟ್ಟದಕೋಟೆ ಅರಸು ಮನೆತನದ ಚಿಕ್ಕ ಕೃಷ್ಣರಾಜೇ ಅರಸು. ಆಗ ಮೈಸೂರಿನ ಸಿಂಹಾಸನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದರೂ ಆಡಳಿತ ಅವರ ಕೈಯಲ್ಲಿರಲಿಲ್ಲ. 1831ರಲ್ಲೇ ಬ್ರಿಟಿಷರು ಅಧಿಕಾರವನ್ನು ಕಿತ್ತುಕೊಂಡು ಕಮಿಷನರುಗಳ ಮೂಲಕ ರಾಜ್ಯವಾಳುತ್ತಿದ್ದರು. ಗಂಡು ಸಂತಾನವಿಲ್ಲದ ವೃದ್ಧ ಅರಸರು 1865ರ ಜೂನ್‌ನಲ್ಲಿ ಈ ಬಾಲಕನನ್ನು ದತ್ತು ಪಡೆದರು. ದತ್ತಕವನ್ನು ಬ್ರಿಟಿಷ್ ಸರ್ಕಾರ ಕೂಡಲೇ ಒಪ್ಪಲಿಲ್ಲ. ಒಪ್ಪದಿದ್ದರೆ ಮೈಸೂರು ನೇರವಾಗಿ ಇಂಗ್ಲಿಷರ ವಶವಾಗುತ್ತಿತ್ತು. ಎರಡು ವರ್ಷಗಳ ಪತ್ರ ವ್ಯವಹಾರದ ಬಳಿಕ 1867ರಲ್ಲಿ ಮಾನ್ಯತೆ ದೊರೆಯಿತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಸೆಪ್ಟೆಂಬರ್ 23ರಂದು ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು.

ಬಾಲ ಅರಸನ ಪಾಲನೆಗೆ ಬ್ರಿಟಿಷ್ ಅಧಿಕಾರಿಗಳು ನೇಮಕಗೊಂಡರು. ಅವರಲ್ಲಿ ಕರ್ನಲ್ ಮ್ಯಾಲೆಸನ್ ಪ್ರಮುಖರು. ಭಾರತದ ಸೈನಿಕ ಇತಿಹಾಸ ಕುರಿತು ಗ್ರಂಥಗಳನ್ನು ಬರೆದವರು. ಅರಸನನ್ನು ಒಂಟಿಯಾಗಿ ಓದಿಸದೆ, ಅರಸು ಮನೆತನಗಳ ಸಮವಯಸ್ಕ ಬಾಲಕರೊಡನೆ ಕೂರಿಸಿ ಪಾಠ ಹೇಳುವ ಶಾಲೆ ಏರ್ಪಾಡಾಯಿತು. ಪಾಠದ ಜೊತೆ ಕುದುರೆ ಸವಾರಿ, ಕ್ರಿಕೆಟ್, ಸಂಗೀತಗಳೂ ಇದ್ದವು. ಮುಂದೆ ಅರಸರು ಪಿಟೀಲು ನುಡಿಸುವುದರಲ್ಲಿ ಪರಿಶ್ರಮ ಗಳಿಸಿದರು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣನವರಂತಹ ವಿದ್ವಾಂಸರು ಅವರ ಆಸ್ಥಾನವನ್ನು ಬೆಳಗಿಸಿದರು. ಬಸವಪ್ಪ ಶಾಸ್ತ್ರಿಗಳು ಶಾಕುಂತಲ ನಾಟಕವನ್ನು ಕನ್ನಡಕ್ಕೆ ತಂದದ್ದು ಇದೇ ಆಸ್ಥಾನದ ಆಶ್ರಯದಲ್ಲಿ.

ಅರಸರಿಗೆ ಹದಿಮೂರು ತುಂಬುವ ಹೊತ್ತಿಗೆ ನಾಡಿನ ಮೇಲೆ ಭೀಕರ ಕ್ಷಾಮ ಎರಗಿತು. 1876ರಿಂದ 1878ರವರೆಗೆ ಅನ್ನವಿಲ್ಲದೆ, ಅನಂತರ ರೋಗದಿಂದ ಜನ ಸತ್ತರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅವರು ಅಧಿಕಾರ ವಹಿಸಿಕೊಂಡದ್ದು ಇಂತಹ ನಾಡಿನಲ್ಲಿ. 1881ರ ಮಾರ್ಚ್ 25ರಂದು ಮದರಾಸಿನ ಗವರ್ನರ್ ಆಡಮ್ ಅವರ ಸಮ್ಮುಖದಲ್ಲಿ ರಾಜ್ಯ ಮತ್ತೆ ಒಡೆಯರ ಕೈಸೇರಿತು. ಐವತ್ತು ವರ್ಷಗಳ ಕಮಿಷನರ್ ಆಡಳಿತ ಕೊನೆಗೊಂಡಿತು. ಅರಸರಿಗಾಗ ಹದಿನೆಂಟು ವರ್ಷ. ಬೊಕ್ಕಸದಲ್ಲಿ ಹಣಕ್ಕಿಂತ ಸಾಲವೇ ಹೆಚ್ಚು.

ಮೃಗಾಲಯದ ಕಥೆ ಹೇಳುವಾಗ ಈ ಕ್ಷಾಮವನ್ನು ಮರೆಯಲಾಗದು. ಪ್ರಜೆಗಳಲ್ಲಿ ಲಕ್ಷಾಂತರ ಮಂದಿ ಹಸಿವಿನಿಂದ ಸತ್ತ ನಾಡಿನಲ್ಲಿ ಹುಲಿ, ಸಿಂಹಗಳಿಗೆ ನಿತ್ಯ ಮಾಂಸ ಹಾಕಿ ಸಾಕುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅರಮನೆಯವರ ಮನರಂಜನೆಗಷ್ಟೇ ಆ ಪ್ರಾಣಿಗಳಿದ್ದಿದ್ದರೆ ಉತ್ತರ ಕಷ್ಟವಾಗುತ್ತಿತ್ತು. ಅವುಗಳಿಂದ ಜನರಿಗೆ ಏನಾದರೂ ದಕ್ಕಿತೇ ಎಂಬುದರ ಮೇಲೆ ಈ ಸಂಸ್ಥೆಯ ಬೆಲೆ ನಿಂತಿದೆ. ಅಂದಿಗೂ ಇಂದಿಗೂ ಈ ಪ್ರಶ್ನೆ ಬದಲಾಗಿಲ್ಲ.

ನೋಡಿ ಕಲಿಯುವ ತಾಣಗಳು

ದಿವಾನ್ ರಂಗಾಚಾರ್ಲು ಅವರ ಸಲಹೆಯಂತೆ 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ತಾಲ್ಲೂಕುಗಳಿಂದ ಬಂದ 144 ಸದಸ್ಯರು ಸರ್ಕಾರದ ಲೆಕ್ಕಪತ್ರವನ್ನು ಕೇಳಿಸಿಕೊಂಡರು. ದೇಶೀಯ ಸಂಸ್ಥಾನಗಳಲ್ಲಿ ಇದು ಹೊಸ ಪ್ರಯೋಗ. ರಂಗಾಚಾರ್ಲು 1883ರಲ್ಲಿ ನಿಧನರಾದಾಗ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿ ಬಂದರು.

ಅದೇ ವರ್ಷಗಳಲ್ಲಿ ಅರಸರು ಕೈಹಾಕಿದ ಇತರ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಒಲವು ಗೋಚರಿಸುತ್ತದೆ. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಮುಂದೆ ಅದೇ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1885ರಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿ, ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ಊರೂರಿನ ಶಾಸನಗಳು ಅಚ್ಚಿಗೆ ಬಂದವು. 1891ರಲ್ಲಿ ಓರಿಯಂಟಲ್ ಲೈಬ್ರರಿ ಓಲೆಗರಿಗಳ ಸಂಗ್ರಹಕ್ಕೆ ನೆಲೆ ಕೊಟ್ಟಿತು. ಕೌಟಿಲ್ಯನ ಅರ್ಥಶಾಸ್ತ್ರ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ. ಬೆಂಗಳೂರಿನ ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟರು. 1880ರ ದಶಕದಲ್ಲಿ ದಸರೆಯ ಜೊತೆಗೆ ವಸ್ತುಪ್ರದರ್ಶನ ಸೇರಿಕೊಂಡಿತು. ಹಬ್ಬಕ್ಕೆ ಬಂದ ರೈತ, ಕುಶಲಕರ್ಮಿಗಳು ನಾಡಿನ ಬೆಳೆ, ಬಟ್ಟೆ, ಯಂತ್ರಗಳನ್ನು ಕಣ್ಣಾರೆ ಕಂಡು ಹೋಗಲೆಂಬುದು ಅದರ ಉದ್ದೇಶ.

ಶಾಸನ, ಓಲೆಗರಿ, ಹೂಗಿಡ, ಬೆಳೆ, ಯಂತ್ರ... ಪ್ರತಿಯೊಂದಕ್ಕೂ ಒಂದು ಮನೆ. ಜೀವಂತ ಪ್ರಾಣಿಗಳಿಗೆ ಮಾತ್ರ ಅಂತಹ ಮನೆ ಇರಲಿಲ್ಲ.

ಪ್ರಾಣಿಗಳನ್ನು ಸಾಕುವುದು ಮೈಸೂರಿಗೆ ಹೊಸದೇನಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಹುಲಿಗಳನ್ನು ಅರಮನೆಯ ಬಳಿ ಸರಪಳಿಯಲ್ಲಿ ಕಟ್ಟಿಸಿದ್ದರು. 1799ರಲ್ಲಿ ಕೋಟೆ ಬಿದ್ದ ಬಳಿಕ ಅವುಗಳಿಗೆ ಮೇವು ಹಾಕುವವರಿಲ್ಲದೆ ಆರ್ಥರ್ ವೆಲ್ಲೆಸ್ಲಿ ಗುಂಡಿಕ್ಕಲು ಆದೇಶಿಸಿದ. ಅಂತಹ ಹುಲಿ ರಾಜನ ಪ್ರತಾಪದ ಗುರುತು. ನೋಡಿದವನಿಗೆ ಹೆದರಿಕೆ ಹುಟ್ಟಬೇಕೇ ಹೊರತು ತಿಳಿವಳಿಕೆಯಲ್ಲ. ಲಾಲ್‌ಬಾಗ್‌ನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಚಿಕ್ಕ ಪ್ರಾಣಿಸಂಗ್ರಹವಿತ್ತು. ಅದು ಉದ್ಯಾನದ ಒಂದು ಮೂಲೆಯ ಆಕರ್ಷಣೆಯಷ್ಟೇ ಆಗಿತ್ತು.

ಚಾಮರಾಜೇಂದ್ರರ ಕಾಲದ ಇನ್ನೊಂದು ಪ್ರಾಣಿ ಪ್ರದರ್ಶನ ಖೆಡ್ಡಾ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿಗಳಿಂದ ಅಟ್ಟಿ ಮರದ ದಿಮ್ಮಿಗಳ ಆವರಣದೊಳಗೆ ಕೂಡಿಹಾಕಿ ಪಳಗಿಸುವ ಈ ವಿಧಾನವನ್ನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಮೈಸೂರಿನಲ್ಲಿ ನೆಲೆಗೊಳಿಸಿದ್ದ. ಆಲ್ಬರ್ಟ್ ವಿಕ್ಟರ್ ಬಂದಾಗಲೂ ಖೆಡ್ಡಾ ಏರ್ಪಡಿಸಲಾಗಿತ್ತು. ಅತಿಥಿಗಳು ಅಟ್ಟಣಿಗೆಯಲ್ಲಿ ಕುಳಿತು ನೋಡುತ್ತಿದ್ದರು. ಸಾಮಾನ್ಯರಿಗೆ ಅಟ್ಟುವ ಕೆಲಸ. ಖೆಡ್ಡಾ ಮಾಡಿಸಿದ ಅರಸರೇ ಮೂರು ವರ್ಷಗಳಲ್ಲಿ ಮೃಗಾಲಯವನ್ನೂ ಕಟ್ಟಿಸಿದರು. ಒಬ್ಬನೇ ವ್ಯಕ್ತಿಯಲ್ಲಿ ಹಳೆಯ ರಾಜಠೀವಿಯೂ ಹೊಸ ಕಾಲದ ಕುತೂಹಲವೂ ಇದ್ದವೆಂದು ಒಪ್ಪಿಕೊಳ್ಳುವುದು ಲೇಸು. ಅವರನ್ನು ವನ್ಯಜೀವಿ ಸಂರಕ್ಷಣೆಯ ಹರಿಕಾರರೆಂದು ಕರೆಯುವುದು ಅತಿಯಾದೀತು.

ಹತ್ತು ಎಕರೆಯಿಂದ ಆರಂಭ

ಭಾರತದಲ್ಲಿ ಸಾರ್ವಜನಿಕ ಮೃಗಾಲಯದ ಕಲ್ಪನೆ ಆಗಲೇ ಬೇರೂರುತ್ತಿತ್ತು. ಮದರಾಸಿನಲ್ಲಿ ವೈದ್ಯ ಎಡ್ವರ್ಡ್ ಬಾಲ್ಫೋರ್ 1855ರಲ್ಲಿ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡಂತೆ ಮೃಗಾಲಯ ಆರಂಭಿಸಿದ್ದರು. ತಿರುವನಂತಪುರದಲ್ಲಿ 1857ರಲ್ಲಿ, ಕಲ್ಕತ್ತೆಯ ಅಲಿಪುರದಲ್ಲಿ 1876ರಲ್ಲಿ ಮೃಗಾಲಯಗಳು ತೆರೆದವು. ಅಲಿಪುರದಲ್ಲಿ ರಾಮಬ್ರಹ್ಮ ಸನ್ಯಾಲ್ ಎಂಬ ಬಂಗಾಳಿ ಕೆಳಗಿನ ಹುದ್ದೆಯಿಂದ ಮೇಲೇರಿ ಸೂಪರಿಂಟೆಂಡೆಂಟ್ ಆಗಿದ್ದರು. ಯಾವ ಪ್ರಾಣಿ ಏನು ತಿಂದಿತು, ಯಾವಾಗ ಮರಿ ಹಾಕಿತು, ಯಾವ ಕಾಯಿಲೆಗೆ ಯಾವ ಔಷಧ ನಾಟಿತು ಎಂಬುದನ್ನೆಲ್ಲ ದಾಖಲಿಸಿಟ್ಟು, ಬಂಧನದಲ್ಲಿರುವ ಪ್ರಾಣಿಗಳ ಪಾಲನೆ ಕುರಿತು ಅವರು ಕೈಪಿಡಿ ಪ್ರಕಟಿಸಿದ್ದು 1892ರಲ್ಲಿ. ವೀಕ್ಷಕನಿಗೆ ಪ್ರಾಣಿಯ ಬಗ್ಗೆ ಹೇಳಬೇಕಾದರೆ ಮೊದಲು ಪಾಲಕನಿಗೆ ಅದು ಗೊತ್ತಿರಬೇಕಲ್ಲವೇ? ಸನ್ಯಾಲರ ಟಿಪ್ಪಣಿಗಳು ಆ ಕೊರತೆಯನ್ನು ತುಂಬಿದವು.

ಮೈಸೂರು ಮೃಗಾಲಯ ಹುಟ್ಟಿದ್ದೂ ಅದೇ 1892ರಲ್ಲಿ. ಅರಮನೆಗೆ ಸೇರಿದ ಬೇಸಿಗೆ ಬಂಗಲೆಯ ಆವರಣದಲ್ಲಿ 10 ಎಕರೆ ಜಾಗವನ್ನು ಅರಸರು ಇದಕ್ಕೆ ಬಿಟ್ಟುಕೊಟ್ಟರು. ಎ.ಸಿ. ಹ್ಯೂಸ್ ಅವರನ್ನು ಮೊದಲ ಸೂಪರಿಂಟೆಂಡೆಂಟ್ ಆಗಿ ನೇಮಿಸಲಾಯಿತು. ಆಗಿನ ಹೆಸರು ಅರಮನೆ ಮೃಗಾಲಯ. ಹ್ಯೂಸ್ 1924ರವರೆಗೆ, ಅಂದರೆ 32 ವರ್ಷ, ಅದೇ ಹುದ್ದೆಯಲ್ಲಿದ್ದರು. ಒಂದು ಸಂಸ್ಥೆಯ ಬಾಲ್ಯದಲ್ಲಿ ಒಬ್ಬನೇ ಮೇಲ್ವಿಚಾರಕ ಮೂರು ದಶಕ ನಿಂತದ್ದು ಅದಕ್ಕೆ ಒದಗಿದ ಭಾಗ್ಯ.

ಆ ಕಾಲದ ಮೃಗಾಲಯಗಳಲ್ಲಿ ಹೆಚ್ಚಿನವು ಸಾಲುಪಂಜರಗಳ ಗೋದಾಮಿನಂತಿದ್ದವು. ಕಬ್ಬಿಣದ ಸರಳು, ಸಿಮೆಂಟಿನ ನೆಲ, ಹಿಂದೆ ಗೋಡೆ. ಅಲ್ಲಿ ಸಿಂಹ ಹೇಗಿರುತ್ತದೆಂದು ತಿಳಿಯಬಹುದು; ಸಿಂಹ ಹೇಗೆ ಬದುಕುತ್ತದೆಂದು ತಿಳಿಯದು. ಮೈಸೂರಿನಲ್ಲಿ ಆರಂಭದ ವರ್ಷಗಳಲ್ಲೇ ವಿಶಾಲವಾದ ಆವರಣಗಳು ಸಿದ್ಧವಾದವು. ಅವುಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿವೆ. ಜಾಗ ದೊಡ್ಡದಾದರೆ ಪ್ರಾಣಿ ನಡೆಯುತ್ತದೆ, ಓಡುತ್ತದೆ, ನೆರಳು ಹುಡುಕುತ್ತದೆ, ಕಣ್ಣಿಗೆ ಬೀಳದೆ ಮಲಗಲೂಬಹುದು. ದುಡ್ಡು ಕೊಟ್ಟು ಬಂದವನಿಗೆ ಇದರಿಂದ ಬೇಸರವಾಗುವುದುಂಟು. ಆದರೆ ಮರದ ನೆರಳಿಗೆ ಸರಿದ ಜಿಂಕೆ ಕಲಿಸುವ ಪಾಠವನ್ನು ಸರಳುಗಳ ಹಿಂದೆ ಅತ್ತಿಂದಿತ್ತ ಸುಳಿಯುವ ಜಿಂಕೆ ಕಲಿಸಲಾರದು.

ಷಿಕಾಗೋದಲ್ಲಿ ಎರಡು ದಾರಿ

1892ರ ಕೊನೆಯಲ್ಲಿ ಯುವ ಸನ್ಯಾಸಿಯೊಬ್ಬರು ಮೈಸೂರಿಗೆ ಬಂದು ಅರಮನೆಯ ಅತಿಥಿಯಾದರು. ಅವರೇ ಸ್ವಾಮಿ ವಿವೇಕಾನಂದರು. ಅವರ ವಿದೇಶ ಯಾತ್ರೆಗೆ ನೆರವಾಗಲು ಮುಂದೆ ಬಂದವರಲ್ಲಿ ಚಾಮರಾಜೇಂದ್ರರೂ ಒಬ್ಬರು. ಮರುವರ್ಷ ಷಿಕಾಗೋದಲ್ಲಿ ನಡೆದ ಸರ್ವಧರ್ಮ ಸಮ್ಮೇಳನ ಅಲ್ಲಿನ ಬೃಹತ್ ವಿಶ್ವ ಪ್ರದರ್ಶನದ ಅಂಗವಾಗಿತ್ತು. ಅದೇ ಪ್ರದರ್ಶನದ ಮನರಂಜನಾ ಬೀದಿಯಲ್ಲಿ, ಪಳಗಿಸಿದ ಸಿಂಹ, ಹುಲಿಗಳ ಆಟವನ್ನು ಜರ್ಮನಿಯ ವ್ಯಾಪಾರಿಯೊಬ್ಬ ತೋರಿಸುತ್ತಿದ್ದ. ಆತ ಕಾರ್ಲ್ ಹ್ಯಾಗನ್‌ಬೆಕ್. ಮೈಸೂರಿನ ಅರಸರ ಜೀವನಚರಿತ್ರೆಯಲ್ಲಿ ಆತನಿಗೆ ಜಾಗವಿಲ್ಲ. ಆದರೂ ಆತ ತಂದ ಬದಲಾವಣೆಯನ್ನು ಬಿಟ್ಟು ಇಂದಿನ ಮೈಸೂರು ಮೃಗಾಲಯವನ್ನು ವಿವರಿಸಲಾಗದು.

ಹ್ಯಾಂಬರ್ಗ್‌ನ ಮೀನು ವ್ಯಾಪಾರಿಯ ಮಗನಾದ ಹ್ಯಾಗನ್‌ಬೆಕ್ ಜಗತ್ತಿನ ನಾನಾ ಕಡೆಗಳಿಂದ ಪ್ರಾಣಿ ತರಿಸಿ ಮಾರುತ್ತಿದ್ದ. ಯಾವ ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ನೆಗೆಯಬಲ್ಲದೆಂದು ಅಳೆದು ನೋಡಿ, ಅದಕ್ಕಿಂತ ಅಗಲವಾದ ಕಂದಕ ತೋಡಿದರೆ ಸರಳುಗಳೇ ಬೇಡವೆಂದು ಕಂಡುಕೊಂಡ. 1896ರಲ್ಲಿ ಈ ಮಾದರಿಗೆ ಹಕ್ಕುಪತ್ರ ಪಡೆದ. 1907ರಲ್ಲಿ ಹ್ಯಾಂಬರ್ಗ್ ಸಮೀಪದ ಸ್ಟೆಲ್ಲಿಂಗನ್‌ನಲ್ಲಿ ಆತ ತೆರೆದ ಉದ್ಯಾನದಲ್ಲಿ ಮುಂದೆ ನೀರುಹಕ್ಕಿಗಳ ಕೊಳ, ಅದರ ಹಿಂದೆ ಸಸ್ಯಾಹಾರಿ ಪ್ರಾಣಿಗಳ ಬಯಲು, ಅದರಾಚೆ ಸಿಂಹಗಳು, ಕೊನೆಯಲ್ಲಿ ಕೃತಕ ಬಂಡೆಯ ಮೇಲೆ ಕಾಡುಮೇಕೆಗಳು ಒಂದೇ ನೋಟಕ್ಕೆ ಕಾಣುತ್ತಿದ್ದವು. ನಡುವಿನ ಕಂದಕಗಳು ಗಿಡಗಳ ಮರೆಯಲ್ಲಿ ಅಡಗಿರುತ್ತಿದ್ದವು. ನೋಡುಗನಿಗೆ ಬೇಟೆಯೂ ಬೇಟೆಗಾರನೂ ಒಂದೇ ನೆಲದಲ್ಲಿರುವಂತೆ ತೋರುತ್ತಿತ್ತು.

ಇದೇ ಹ್ಯಾಗನ್‌ಬೆಕ್ ಇನ್ನೊಂದು ಕೆಲಸವನ್ನೂ ಮಾಡಿದ. ಉತ್ತರ ಯುರೋಪಿನ ಲ್ಯಾಪ್ ಜನ, ಆಫ್ರಿಕದ ನೂಬಿಯನ್ನರು, ಸಿಂಹಳದ ನಿವಾಸಿಗಳನ್ನು ಅವರ ಗುಡಿಸಲು, ಪಶುಗಳ ಸಮೇತ ಕರೆತಂದು ಯುರೋಪಿನ ಊರುಗಳಲ್ಲಿ ಪ್ರದರ್ಶನಕ್ಕಿಟ್ಟ. ಪ್ರಾಣಿಯ ಮುಂದಿನ ಸರಳು ಕಿತ್ತವನೇ ಮನುಷ್ಯರ ಸುತ್ತ ಬೇಲಿ ಹಾಕಿದ. ಬಂದವರು ಶಿಕ್ಷಣ ಪಡೆದೆವೆಂದೇ ಭಾವಿಸಿ ಮನೆಗೆ ಹೋದರು. ಪ್ರದರ್ಶನ ಸುಂದರವಾಗಿದ್ದ ಮಾತ್ರಕ್ಕೆ ಅದು ಕಲಿಸುವ ಪಾಠ ಸರಿಯಾಗಿರುತ್ತದೆಂಬ ಭರವಸೆ ಇಲ್ಲ.

ಕಂದಕದ ವಿಧಾನ ನಿಧಾನವಾಗಿ ಭಾರತಕ್ಕೂ ಬಂತು. ದೆಹಲಿಯ ಮೃಗಾಲಯಕ್ಕೆ 1956ರಲ್ಲಿ ಪ್ರಾಥಮಿಕ ನಕ್ಷೆ ಕೊಟ್ಟದ್ದು ಹ್ಯಾಗನ್‌ಬೆಕ್ ಮನೆತನದವರೇ. ಮೈಸೂರಿನಲ್ಲಿಯೂ ಹುಲಿ, ಸಿಂಹ, ಆನೆಗಳ ಆವರಣಗಳು ಕಂದಕದಿಂದ ಕೂಡಿವೆ. ಇಲ್ಲಿ ವೀಕ್ಷಕನ ಕಡೆಗೆ ನೇರ ಗೋಡೆ, ಪ್ರಾಣಿಯ ಕಡೆಗೆ ಇಳಿಜಾರು. ದೂರದಿಂದ ನೋಡಿದರೆ ಕಂದಕ ಕಾಣದು. ಹುಲ್ಲು ಮತ್ತು ಹುಲಿ ಮಾತ್ರ ಕಾಣುತ್ತವೆ.

ಕಲ್ಕತ್ತೆಯಲ್ಲಿ ಕೊನೆಯುಸಿರು

ಇದಾವುದನ್ನೂ ನೋಡಲು ಚಾಮರಾಜೇಂದ್ರರು ಉಳಿಯಲಿಲ್ಲ. 1894ರ ಡಿಸೆಂಬರ್‌ನಲ್ಲಿ ಅವರು ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಗಂಟಲಮಾರಿ ರೋಗ ತಗುಲಿತು. ಈಗ ಮಕ್ಕಳಿಗೆ ಲಸಿಕೆಯಿಂದ ತಡೆಯಬಹುದಾದ ಈ ಕಾಯಿಲೆಗೆ ಆಗ ಭಾರತದಲ್ಲಿ ಪರಿಣಾಮಕಾರಿ ಚಿಕಿತ್ಸೆ ಇರಲಿಲ್ಲ. ಡಿಸೆಂಬರ್ 28ರಂದು ಅವರು ನಿಧನರಾದರು. ವಯಸ್ಸು 31. ಮೃಗಾಲಯಕ್ಕೆ ಆಗ ಎರಡೇ ವರ್ಷ.

ಪಟ್ಟದ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ 1902ರವರೆಗೆ ರಾಜ್ಯವಾಳಿದರು. ಪತಿ ಬಿಟ್ಟುಹೋದ ಹತ್ತು ಎಕರೆಯ ತೋಟವನ್ನು ದುಬಾರಿ ಹವ್ಯಾಸವೆಂದು ಮುಚ್ಚಿಬಿಡುವುದು ಅವರಿಗೆ ಸುಲಭವಿತ್ತು. 1890ರ ದಶಕದ ಕೊನೆಯಲ್ಲಿ ಪ್ಲೇಗ್ ರಾಜ್ಯವನ್ನು ಕಾಡಿತ್ತು. ಆದರೂ ಆರಂಭದ ದಶಕ ಮುಗಿಯುವ ವೇಳೆಗೆ ಮೃಗಾಲಯ 45 ಎಕರೆಗೆ ಬೆಳೆದಿತ್ತು. ಸ್ಥಾಪಕರ ಹೆಸರಿನ ಪಕ್ಕದಲ್ಲಿ ಈ ಮಹಾರಾಣಿಯ ಹೆಸರನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಮೃಗಾಲಯ ಹುಟ್ಟಿ ಎರಡು ವರ್ಷಕ್ಕೆ ಸಾಯಲಿಲ್ಲವೆಂಬುದು ಅವರ ಕೊಡುಗೆ.

1907ರಲ್ಲಿ ಆವರಣದೊಳಗೆ ವಾದ್ಯಮಂಟಪ ಎದ್ದಿತು. ಪ್ರಾಣಿ ನೋಡಲು ಬಂದ ಸಂಸಾರಗಳು ಕುಳಿತು ಸಂಗೀತ ಕೇಳುವ ತಾಣ ಅದು. ಪಿಟೀಲು ನುಡಿಸುತ್ತಿದ್ದ ಅರಸರ ನೆನಪಿಗೆ ಒಪ್ಪುವಂತಹದು. ಮುಂದೆ ಉದ್ಯಾನದ ವಿನ್ಯಾಸದಲ್ಲಿ ಜರ್ಮನ್ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರ ಕೈವಾಡವೂ ಸೇರಿತು. ಲಾಲ್‌ಬಾಗ್ ಮತ್ತು ಬೃಂದಾವನಗಳಿಂದ ಪರಿಚಿತರಾದ ಅವರು ಮೈಸೂರು ಸರ್ಕಾರದ ಸೇವೆಗೆ ಬಂದದ್ದು 1908ರಲ್ಲಿ. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳಷ್ಟೇ ಮರಗಳೂ ಗಮನ ಸೆಳೆಯುವುದಕ್ಕೆ, ಅದನ್ನು ಆರಂಭದಿಂದಲೂ ಉದ್ಯಾನವೆಂದು ಭಾವಿಸಿ ಬೆಳೆಸಿದ್ದು ಕಾರಣ. 1909ರಲ್ಲಿ ಅರಮನೆ ಮೃಗಾಲಯವೆಂಬ ಹೆಸರು ಹೋಗಿ ಚಾಮರಾಜೇಂದ್ರರ ಹೆಸರು ಬಂತು. ಅಲ್ಲಿಗೆ ಅವರು ಸತ್ತು ಹದಿನೈದು ವರ್ಷ ತುಂಬುತ್ತಿತ್ತು.

ಅರಸರಿಲ್ಲದ ಮೃಗಾಲಯ

ಸ್ವಾತಂತ್ರ್ಯಾನಂತರ 1948ರಲ್ಲಿ ಮೃಗಾಲಯ ಸರ್ಕಾರದ ಉದ್ಯಾನ ಇಲಾಖೆಗೆ, 1972ರಲ್ಲಿ ಅರಣ್ಯ ಇಲಾಖೆಗೆ ಹಸ್ತಾಂತರವಾಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಮೃಗಾಲಯದ ಆಡಳಿತಕ್ಕೆಂದೇ ಸ್ವಾಯತ್ತ ಸಂಸ್ಥೆ ರಚಿಸಿದ್ದು ದೇಶದಲ್ಲಿ ಇದೇ ಮೊದಲು. ನೆರೆಯ ಕಾರಂಜಿ ಕೆರೆ ಸೇರಿ ಮೃಗಾಲಯದ ವಿಸ್ತೀರ್ಣ 150 ಎಕರೆ ದಾಟಿತು. ಅರಸರು ಕೊಟ್ಟ ಹತ್ತು ಎಕರೆ ಈಗ ಅದರ ಒಂದು ಚಿಕ್ಕ ಭಾಗ.

1992ರಲ್ಲಿ ಶತಮಾನೋತ್ಸವ ನಡೆದ ವರ್ಷವೇ ಕೇಂದ್ರ ಮೃಗಾಲಯ ಪ್ರಾಧಿಕಾರವೂ ಆರಂಭವಾಯಿತು. ಮೃಗಾಲಯಗಳು ಮಾನ್ಯತೆ ಪಡೆಯಲು ಆವರಣದ ಅಳತೆಯಿಂದ ಹಿಡಿದು ವೀಕ್ಷಕರಿಗೆ ನೀಡುವ ಮಾಹಿತಿಯವರೆಗೆ ನಿಯಮಗಳು ಬಂದವು. ಅರಸನ ಇಷ್ಟದಿಂದ ಆರಂಭವಾದದ್ದು ಕಾನೂನಿನ ಕರ್ತವ್ಯವಾಯಿತು. 1995ರಲ್ಲಿ ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ತೆರೆಯಿತು. ಕಾಡು, ಹುಲ್ಲುಗಾವಲು, ಅಲ್ಲಿನ ಪ್ರಾಣಿಗಳನ್ನು ಮಾದರಿಗಳ ಮೂಲಕ ತೋರಿಸುವ ಈ ಸಂಸ್ಥೆಯೂ ಮೃಗಾಲಯವೂ ಒಂದೇ ಕೆರೆಯ ನೆರೆಹೊರೆ. ಜೀವಂತ ಪ್ರಾಣಿಯ ಮುಂದೆ ಹೇಳಲಾಗದ ಬೇರು, ಮಣ್ಣು, ಆಹಾರ ಸರಪಳಿಗಳ ಕಥೆಯನ್ನು ಮಾದರಿಗಳು ಹೇಳಬಲ್ಲವು. ಶಾಲಾ ತಂಡಗಳು ಮಾತ್ರ ಸಮಯವಿಲ್ಲವೆಂದು ಹೆಚ್ಚಾಗಿ ಇದನ್ನು ಬಿಟ್ಟು ಹೋಗುತ್ತವೆ. ಅರಮನೆಯ ಸರದಿ ಸಾಲಿನಲ್ಲಿ ಕಳೆಯುವ ಒಂದು ಗಂಟೆಯನ್ನು ಇಲ್ಲಿಗೆ ಕೊಟ್ಟರೆ ನಷ್ಟವಿಲ್ಲ.

ಮಕ್ಕಳಿಗೆಂದು ಬೇಸಿಗೆ ಶಿಬಿರ ಮತ್ತು ಯುವ ಸಂಘದ ಚಟುವಟಿಕೆಗಳನ್ನು ಮೃಗಾಲಯ ನಡೆಸಿಕೊಂಡು ಬಂದಿದೆ. 2001ರಲ್ಲಿ ಆರಂಭವಾದ ಪ್ರಾಣಿ ದತ್ತು ಯೋಜನೆಯಲ್ಲಿ ಯಾರು ಬೇಕಾದರೂ ಒಂದು ಪ್ರಾಣಿಯ ಆಹಾರದ ವೆಚ್ಚ ಭರಿಸಬಹುದು. ದತ್ತುಪುತ್ರನಾಗಿ ಸಿಂಹಾಸನವೇರಿದ ಅರಸರ ಹೆಸರಿನ ಮೃಗಾಲಯದಲ್ಲಿ ಈ ಯೋಜನೆ ಜನಪ್ರಿಯವಾದದ್ದು ಕಾಕತಾಳೀಯವೇ ಸರಿ.

ಎಲ್ಲ ಪ್ರದರ್ಶನಗಳೂ ಸಫಲವಾದವೆಂದಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ ಎಂಬ ಗೊರಿಲ್ಲಾ ವರ್ಷಗಟ್ಟಲೆ ದೇಶದಲ್ಲಿದ್ದ ಏಕೈಕ ಗೊರಿಲ್ಲಾ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಗೊರಿಲ್ಲಾ ಸಂಸಾರದಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿ ಕುಳಿತ ಪೋಲೋವನ್ನು ಕಂಡ ಮಗುವಿಗೆ ಗೊರಿಲ್ಲಾದ ಗಾತ್ರ ತಿಳಿಯಿತು, ಬಾಳು ತಿಳಿಯಲಿಲ್ಲ. 2014ರಲ್ಲಿ ಪೋಲೋ ಸತ್ತಿತು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಒಟ್ಟಿಗೆ ಬಂದವು. ಎರಡು ಪ್ರಾಣಿಗಳು ಪರಸ್ಪರ ಏನು ಮಾಡುತ್ತವೆಂದು ನೋಡುತ್ತ ನಿಲ್ಲುವುದೇ ಒಂದು ಪಾಠ.

2020ರಲ್ಲಿ ದಕ್ಷಿಣ ಆಫ್ರಿಕದಿಂದ ಚೀತಾಗಳು ಬಂದವು. ಕನ್ನಡದಲ್ಲಿ ಇದಕ್ಕೆ ಸಿವಂಗಿ ಎಂಬ ಹಳೆಯ ಹೆಸರಿದೆ. ಭಾರತದ ಬಯಲುಗಳಲ್ಲಿ ಕೃಷ್ಣಮೃಗಗಳನ್ನು ಅಟ್ಟುತ್ತಿದ್ದ ಸಿವಂಗಿ 1940ರ ದಶಕದ ಬಳಿಕ ಇಲ್ಲಿಂದ ಮರೆಯಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಆಫ್ರಿಕದಿಂದ ಮತ್ತೆ ತಂದು ಬಿಡಲಾಯಿತು. ಮೃಗಾಲಯದಲ್ಲಿ ಅದನ್ನು ಕಂಡವರಲ್ಲಿ ಅನೇಕರು ಚಿರತೆಯೆಂದೇ ತಿಳಿಯುತ್ತಾರೆ. ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ, ಪೂರ್ತಿಯಾಗಿ ಒಳಸರಿಯದ ಉಗುರು, ಓಟಕ್ಕೆ ಹೇಳಿಮಾಡಿಸಿದ ಉದ್ದ ಕಾಲು ಇವು ಗುರುತುಗಳು. ಸಿವಂಗಿಯ ಮೈಮೇಲೆ ಬಿಡಿಬಿಡಿ ಚುಕ್ಕೆಗಳಿದ್ದರೆ ಚಿರತೆಯದು ಉಂಗುರದಂತಹ ಗುಂಪುಚುಕ್ಕೆ. ಇಷ್ಟನ್ನು ಸರಳ ಕನ್ನಡದಲ್ಲಿ, ಮಗುವಿನ ಕಣ್ಣಿನ ಎತ್ತರದಲ್ಲಿ, ಎರಡು ಚಿತ್ರಗಳೊಡನೆ ತೋರಿಸಿದರೆ ಸಾಕು. ತೂಕ, ಆಯುಷ್ಯ, ಗರ್ಭಧಾರಣೆಯ ಅವಧಿಗಳ ಪಟ್ಟಿಯನ್ನು ಯಾವ ಮಗುವೂ ನಿಂತು ಓದದು.

ಹೆಸರುಗಳ ವಿಷಯದಲ್ಲಿ ಇನ್ನೊಂದು ಮಾತು. ಕಲಬುರಗಿ ಸೀಮೆಯ ಮಗು ಕೃಷ್ಣಮೃಗವನ್ನು ಚಿಗರಿ ಎನ್ನುತ್ತದೆ. ತೊಗರಿ ಹೊಲದ ಬದುವಿನಲ್ಲಿ ಅಜ್ಜ ಕಂಡ ಚಿಗರಿಯ ಕಥೆ ಅದಕ್ಕೆ ಗೊತ್ತು. ಮೈಸೂರಿನ ಬೇಲಿಯಾಚೆ ನಿಂತ ಪ್ರಾಣಿ ಅದೇ ಎಂದು ಫಲಕ ಹೇಳಿದರೆ ಮಗುವಿನ ಕಣ್ಣರಳುತ್ತದೆ. ಪ್ರಾದೇಶಿಕ ಹೆಸರುಗಳನ್ನು ಸೇರಿಸಲು ಖರ್ಚು ಬಣ್ಣದ್ದು ಮಾತ್ರ. ರಾಜ್ಯದ ಎಲ್ಲ ಮೂಲೆಗಳಿಂದ ಜನ ಬರುವ ಮೃಗಾಲಯದಲ್ಲಿ ಹೀಗೆ ಮಾಡುವುದು ಅಗತ್ಯವೂ ಹೌದು.

ಚಾಮರಾಜೇಂದ್ರರ ಗುರುತುಗಳು ಇಂದು ಅಲ್ಲಲ್ಲಿ ಹಂಚಿಹೋಗಿವೆ. ಮೈಸೂರು ಅರಮನೆಯ ಉತ್ತರ ದ್ವಾರದ ಎದುರಿನ ವೃತ್ತದಲ್ಲಿ ಅವರ ಪ್ರತಿಮೆಯಿದೆ. ಲಾಲ್‌ಬಾಗ್‌ನಲ್ಲಿ ಕುದುರೆಯೇರಿದ ಪ್ರತಿಮೆಯಿದೆ. ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ 1927ರಲ್ಲಿ ಅವರ ಹೆಸರನ್ನೇ ಇಡಲಾಯಿತು, ಜನರ ಬಾಯಲ್ಲಿ ಕಬ್ಬನ್ ಹೋಗಲಿಲ್ಲವಷ್ಟೇ. ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ದೂರದ ಜಿಲ್ಲೆಗಳಿಂದ ಬರುವ ಶಾಲಾ ತಂಡಗಳು ಇದನ್ನು ಮೊದಲೇ ವಿಚಾರಿಸಿಕೊಂಡು ದಿನ ಗೊತ್ತುಮಾಡುವುದು ಒಳಿತು.